ಕೊನೆನೀರಿನಕ್ಕನ ಮಾತು

ಹೆಣ್ಣು ಸತ್ತರೆ ಹೆಣ್ಣೇ ನೀರು ಹಾಕಬೇಕು. ಆ ಓಣಿಯಲ್ಲಿ ಆ ಕೆಲಸ ಅವಳದು. ಮೊದಲು ಅವಳ ತಾಯಿ ಮಾಡುತ್ತಿದ್ದಳು, ಆಮೇಲೆ ಇವಳು. ಹಾಗಾಗಿ ಎಲ್ಲರ ಬಾಯಲ್ಲೂ ಕೊನೆನೀರಿನಕ್ಕ. ಬಲಗಡೆಯಿಂದ ಶುರು ಮಾಡಬೇಕು, ಕೈ ಹೆಣದ ಮೇಲಿನ ಹೊದಿಕೆಯ ಒಳಗೇ ಆಡಬೇಕು, ಕಡೆಯ ನೀರಿಗೆ ಕರ್ಪೂರ ಬೆರೆಸಬೇಕು. ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಸತ್ತವರ ಮೈಮೇಲೆ ಕಂಡದ್ದನ್ನು ಹೊರಗೆ ಆಡಬಾರದು.

ಆ ಕಟ್ಟಳೆಯನ್ನು ಅವಳು ಮುರಿದಳು.

ಮದುವೆಯಾಗಿ ವರ್ಷ ತುಂಬದ ಹುಡುಗಿ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದರು ಗಂಡನ ಮನೆಯವರು. ನೀರು ಹಾಕುವಾಗ ಕೊನೆನೀರಿನಕ್ಕ ನೋಡಿದಳು. ಬೆನ್ನ ಮೇಲೆ ಬೆಲ್ಟಿನ ಬರೆ, ಕುತ್ತಿಗೆಯ ಎರಡೂ ಕಡೆ ಬೆರಳಿನ ಗುರುತು. ಬಟ್ಟೆ ಸುತ್ತಿದಳು, ಮನೆಗೆ ಬಂದಳು, ಊಟ ಸೇರಲಿಲ್ಲ. ಹುಡುಗಿ ಮಣ್ಣಾದ ಮೇಲೆ ಬಂದ ಶುಕ್ರವಾರ, ನಮಾಜು ಮುಗಿಸಿ ಗಂಡಸರು ಚಪ್ಪಲಿ ಮೆಟ್ಟುತ್ತಿದ್ದಾಗ, ಮಸೀದಿಯ ಗೇಟಿನಲ್ಲಿ ನಿಂತು ಹೇಳಿಯೇಬಿಟ್ಟಳು.

"ಜಾರಿ ಬಿದ್ದವಳ ಕುತ್ತಿಗೇಲಿ ಬೆರಳು ಮೂಡಲ್ಲ. ಇನ್ನು ಮುಂದೆ ನಾನು ಇಂಥದ್ದು ಕಂಡೆ ಅಂದ್ರೆ ಮಣ್ಣು ಮಾಡೋದು ನಿಲ್ಲಿಸಿ. ಡಾಕ್ಟರು ನೋಡ್ಲಿ, ಪೊಲೀಸರು ನೋಡ್ಲಿ. ಆಮೇಲೆ ಮಣ್ಣು."

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಹೆಣದ ಗುಟ್ಟು ಮಾರಿದಳು ಎಂದರು. ಮನೆಯ ಕೊಳೆ ಬೀದಿಯಲ್ಲಿ ಒಗೆದಳು ಎಂದರು. ಕ್ಯಾಮೆರಾ ಹಿಡಿದು ಒಬ್ಬ ಬಂದ. ನಿಮ್ಮ ಧರ್ಮವೇ ಹೀಗಲ್ಲವೇ ಎಂದು ಅವಳ ಬಾಯಿಗೆ ಮಾತು ತುರುಕಲು ನೋಡಿದ. "ದೇವರ ತಂಟೆಗೆ ಬರಬೇಡಪ್ಪ. ನಾನು ಹೇಳ್ತಿರೋದು ಆ ಮನೆಯವರ ಕೈ ಬಗ್ಗೆ" ಎಂದಳು. ಆ ಮಾತನ್ನು ಕತ್ತರಿಸಿ ಉಳಿದದ್ದನ್ನು ಟೀವಿಯಲ್ಲಿ ತೋರಿಸಿದರು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಸುಧಾರಕಿ' ಎಂದು ಬರೆದರು. ಅಲ್ಲಿಗೆ ಅದೇ ಅವಳ ಹೆಸರಾಯಿತು. ಹಾಲಿನಂಗಡಿಯವನೂ "ಏನು ಸುಧಾರಕಮ್ಮ, ಇವತ್ತು ಹಾಲಿಗೂ ಪೊಲೀಸರನ್ನ ಕರೆಸ್ತೀರಾ?" ಎನ್ನುವವನೇ. ಹೆಣ್ಣು ಸತ್ತರೆ ಬೇರೆ ಓಣಿಯಿಂದ ಯಾರನ್ನೋ ಕರೆಸತೊಡಗಿದರು.

ಗಂಡ ಬೀಗ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ. "ನೀನು ಸುಳ್ಳು ಹೇಳಿದೀಯಾ?" ಎಂದು ಒಂದೇ ಸಲ ಕೇಳಿದ. ಇಲ್ಲ ಎಂದಳು. "ಮತ್ತೆ ಉಣ್ಣು" ಎಂದ. ಎದೆಯ ಕಾಯಿಲೆ ಹೆಚ್ಚಾದಾಗ ಇನ್ನೊಂದು ಮಾತು ಹೇಳಿದ. "ನನಗೆ ನೀನೇ ನೀರು ಹಾಕು. ನನಗೆ ಕಚಗುಳಿ ಜಾಸ್ತಿ. ಬೇರೆಯವರು ಮುಟ್ಟಿದ್ರೆ ಎದ್ದು ಕೂತ್ಬಿಡ್ತೀನಿ." ಇಬ್ಬರೂ ನಕ್ಕರು. ಅವಳು ಆಗಲಿ ಎಂದಳು.

ಒಂದು ಬೆಳಿಗ್ಗೆ ಅವನು ಹೋದ.

ಮಸೀದಿ ಕಮಿಟಿಯ ಅಧ್ಯಕ್ಷರು ಬಂದರು. ಜೊತೆಗೆ ಇಮಾಮರು.

"ನೋಡಮ್ಮ, ಸ್ನಾನಕ್ಕೆ ಗಂಡಸರನ್ನ ಕಳಿಸ್ತೀವಿ. ನೀನು ಒಳಗಿರು" ಎಂದರು ಅಧ್ಯಕ್ಷರು.

"ನಾನೇ ಹಾಕ್ತೀನಿ."

"ಇದ್ಯಾವ ಹೊಸ ಸುಧಾರಣೆ?"

"ಹೊಸದಲ್ಲ. ಗಂಡನಿಗೆ ಹೆಂಡತಿ ಹಾಕಬಹುದು. ಪಕ್ಕದಲ್ಲೇ ಇದ್ದಾರಲ್ಲ, ಕೇಳಿ."

ಇಮಾಮರು ನೆಲ ನೋಡುತ್ತ, "ಹೌದು. ಅಡ್ಡಿ ಇಲ್ಲ" ಎಂದರು.

"ಅಡ್ಡಿ ಇಲ್ಲದೇ ಇರಬಹುದು. ಮೀಯಿಸೋ ಹಲಗೆ ಮಸೀದೀದು" ಎಂದರು ಅಧ್ಯಕ್ಷರು. "ಸತ್ತವರ ಗುಟ್ಟು ಉಳಿಸದವಳ ಕೈಗೆ ಅದನ್ನ ಕೊಡಬಾರದು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ. ಅವತ್ತು ಗೇಟಲ್ಲಿ ಆಡಿದ್ದು ತಪ್ಪಾಯ್ತು ಅನ್ನು. ಹಲಗೆ ಈಗಲೇ ಬರುತ್ತೆ."

ಮೈದುನ ಹತ್ತಿರ ಬಂದು ಪಿಸುಗುಟ್ಟಿದ. "ಅತ್ತಿಗೆ, ಅಂದುಬಿಡಿ. ಅಣ್ಣ ಹೀಗೆ ಮಲಗಿದ್ದಾನೆ. ನಾಲಿಗೆಗೇನು ಮೂಳೆಯೇ?"

ಅವಳು ಗಂಡನ ಮುಖ ನೋಡಿದಳು. ಅಂದುಬಿಟ್ಟರೆ ಇವನಿಗೆ ಕೊಟ್ಟ ಮಾತು ಉಳಿಯುತ್ತದೆ. ಆ ಹುಡುಗಿ ಮಾತ್ರ ಇನ್ನೊಂದು ಸಲ ಜಾರಿ ಬೀಳುತ್ತಾಳೆ. ಗುಟ್ಟು ಉಳಿಸುವುದು ಸತ್ತವರ ಮಾನಕ್ಕೆ. ಕೊಂದವರ ಮಾನಕ್ಕಲ್ಲ. ಇದನ್ನು ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು.

"ನನ್ನ ನಾಲಿಗೆಗೆ ಇದೆ ಕಣಪ್ಪ" ಎಂದಳು ಮೈದುನನಿಗೆ. ಅಧ್ಯಕ್ಷರಿಗೆ, "ನಿಮ್ಮ ಹಲಗೆ ನೀವೇ ಇಟ್ಕೊಳ್ಳಿ" ಎಂದಳು.

ಎದ್ದು ಗಂಡನ ಅಂಗಡಿಗೆ ಹೋದಳು. ಅಂಗಡಿ ಮುಚ್ಚುವ ಮರದ ಹಲಗೆಗಳು ಗೋಡೆಗೆ ಒರಗಿದ್ದವು. ಅಗಲವಾದವನ್ನು ಆರಿಸಿ ತಲೆಯ ಮೇಲೆ ಹೊತ್ತು ತಂದಳು. ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ ಮೇಲಿಟ್ಟಳು. ನೀರು ಹರಿಯಲೆಂದು ಕಾಲ ಕಡೆ ತುಸು ತಗ್ಗು ಮಾಡಿದಳು.

ಎದುರು ಮನೆಯ ಟೈಲರಮ್ಮ ಬೆಡ್‌ಶೀಟು ತಂದು ನಿಂತಳು. ಮಸೀದಿ ಗೇಟಿನ ಆ ಮಾತಾದ ಮೇಲೆ ಇವಳೊಂದಿಗೆ ಮಾತು ಬಿಟ್ಟವಳು.

"ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ" ಎಂದಳು ಟೈಲರಮ್ಮ.

"ಇರ್ಲಿ. ಆ ತುದಿ ಬಿಗಿಯಾಗಿ ಕಟ್ಟು. ಗಾಳಿಗೆ ಹಾರುತ್ತೆ."

"ಕಟ್ಟೋದು ನನಗೆ ಹೇಳಿಕೊಡ್ತೀಯಾ? ನಿನ್ನ ಮದುವೆ ಕುಪ್ಪಸ ಹೊಲಿದವಳೇ ನಾನು."

ಪರದೆ ಕಟ್ಟಿ ಟೈಲರಮ್ಮ ಹೊರಗೆ ಕಾವಲು ನಿಂತಳು. ಒಳಗೆ ಕೊನೆನೀರಿನಕ್ಕ ಮತ್ತು ಮೈದುನ. ಮೈದುನ ಮಗ್ಗಲು ಹೊರಳಿಸಿದ, ಅವಳು ನೀರು ಹಾಕಿದಳು. ಬಲ ಭುಜ, ಬಲ ಪಕ್ಕೆ, ಬಲಗಾಲು. ಆಮೇಲೆ ಎಡ. ಬೆರಳುಗಳ ಹತ್ತಿರ ಬಂದಾಗ ಕೈ ನಿಂತಿತು. ಉಗುರಿನ ಸಂದಿಯಲ್ಲಿ ಕಬ್ಬಿಣದ ಪುಡಿ. ಸೋಪು ಹಚ್ಚಿ ಉಜ್ಜಿದಳು. ಹೋಗಲಿಲ್ಲ. ಇನ್ನೂ ಉಜ್ಜಿದಳು.

"ಅತ್ತಿಗೆ, ಬಿಡಿ" ಎಂದ ಮೈದುನ.

"ಕೊಳೆ ಇಟ್ಕೊಂಡು ಹೋಗೋದಾ?"

"ಅದು ಕೊಳೆ ಅಲ್ಲ. ಅಣ್ಣನ ಕೈಯೇ ಹಾಗೆ."

ಅವಳು ಬಿಟ್ಟಳು.

ಒರೆಸಿ, ಬಿಳಿ ಬಟ್ಟೆ ಹರಿಯಲು ಕುಳಿತಳು. ಹಾಸುವುದು, ಹೊದಿಸುವುದು, ಅಂಗಿಯ ತುಂಡು ಆಯಿತು. ಕೈ ನಿಲ್ಲಲಿಲ್ಲ. ಇನ್ನೂ ಎರಡು ತುಂಡು ಹರಿದು ಪಕ್ಕಕ್ಕಿಟ್ಟಳು.

ಮೈದುನ ನೋಡಿದ. "ಇದು ಯಾಕೆ ಅತ್ತಿಗೆ? ಐದು ಹೆಂಗಸಿಗೆ, ಗಂಡಸಿಗೆ ಮೂರೇ."

ಅವಳು ಕೈಯಲ್ಲಿದ್ದುದನ್ನು ನೋಡಿದಳು. ಒಂದು ತಲೆವಸ್ತ್ರ, ಒಂದು ಎದೆಪಟ್ಟಿ. ಜನ್ಮವಿಡೀ ಹೆಂಗಸರಿಗೇ ಹರಿದ ಕೈ. ಅವಳಿಗೆ ನಗು ಬಂತು. "ನೋಡಿದ್ರಾ, ನಿಮಗೂ ಸೆರಗು ಹೊದಿಸ್ತಿದ್ದೆ" ಎಂದಳು ಗಂಡನಿಗೆ. ನಗುತ್ತ ನಗುತ್ತಲೇ ಅತ್ತಳು. ಮೈದುನ ಪರದೆಯ ಕಡೆ ತಿರುಗಿ ನಿಂತ. ಅತ್ತು ಮುಗಿಸಿ, ಮೂರೇ ಬಟ್ಟೆ ಸುತ್ತಿ, ತಲೆ, ಸೊಂಟ, ಕಾಲು ಕಟ್ಟಿದಳು.

ಪರದೆ ಸರಿಸಿ, ಮನೆಯ ಮುಂಬಾಗಿಲು ತೆರೆದಾಗ ಹೊರಗೆ ಗಂಡಸರು ನಿಂತಿದ್ದರು. ಹೊರುವ ಮಂಚವೂ ಬಂದಿತ್ತು. ಹಲಗೆ ತಡೆಯಬಹುದು, ಹೆಣ ತಡೆದರೆ ಪಾಪ ಊರಿಗೆಲ್ಲ ಎಂದು ಇಮಾಮರು ಈ ಸಲ ನೆಲ ನೋಡದೆ ಹೇಳಿದ್ದರಂತೆ. ಅಧ್ಯಕ್ಷರೂ ಇದ್ದರು.

"ಆಯ್ತು, ನಿನ್ನ ಹಟ ಗೆದ್ದಿತು" ಎಂದರು ಅಧ್ಯಕ್ಷರು. "ಎತ್ತೋ ಮುಂಚೆ ಕೇಳ್ತೀನಿ. ಗೇಟಲ್ಲಿ ಆಡಿದ ಆ ಮಾತು?"

"ಇದ್ದಲ್ಲೇ ಇದೆ. ನಾಳೆ ಇನ್ನೊಂದು ಹುಡುಗಿ ಬಂದ್ರೂ ಅದನ್ನೇ ಹೇಳ್ತೀನಿ."

ಬಿಸಿಲು ಏರುತ್ತಿತ್ತು.

"ಹೊತ್ತಾಗ್ತಿದೆ" ಎಂದಳು ಅವಳು. "ನೀವು ತಲೆ ಕಡೆ ಹಿಡೀರಿ."

ಅಧ್ಯಕ್ಷರು ಚಪ್ಪಲಿ ಬಿಟ್ಟು ಒಳಗೆ ಬಂದರು.