ಹಳೆಯ ಒಡತಿ ಕೇಳಿದ ಪ್ರಶ್ನೆ

ಮರಾಠಿ ಮಾತಿನ ನಿಗಡಿಯ ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ಹೊರಬಂದಾಗ ಹಿರಿಯ ಹೆಂಗಸೊಬ್ಬರು ನನ್ನ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಫೋನಿನಲ್ಲಿ ಅಮ್ಮನೊಂದಿಗೆ ಆಡುತ್ತಿದ್ದ ಮಾತು ಕೇಳಿ ಕನ್ನಡದಲ್ಲೇ ಶುರು ಮಾಡಿದರು.

"ಈ ಗಾಡಿ ಹನ್ನೆರಡು ವರ್ಷ ನಾನಽ ಹೊಡದೀನ್ರಿ. ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿ ಮಾಡಿಸೀರಿಲ್ಲೋ?"

ಮೊಣಕಾಲು ನೋವಿನಿಂದ ಓಡಿಸಲಾಗದೆ ಮಾರಿದ್ದರಂತೆ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ್ದ ಆ ಕಾರನ್ನು ನಾನು ಏಜೆಂಟನೊಬ್ಬನ ಮೂಲಕ ಕೊಂಡು ಮೂರು ವಾರವಾಗಿತ್ತು. ಆಯಿಲ್ ಬದಲಿಸಿದ್ದೆ, ಹೊಸ ಟೈರ್ ಹಾಕಿಸಿದ್ದೆ. ಬೆಲ್ಟಿನ ವಿಷಯ ಯಾರೂ ಹೇಳಿರಲಿಲ್ಲ.

"ಏಜೆಂಟಗ ಎರಡು ಸಲ ಹೇಳಿದ್ದೆ. ದೂರ ಎಲ್ಲೂ ಹೋಗಬ್ಯಾಡ್ರಿ, ಮೊದಲ ಗ್ಯಾರೇಜಿಗೆ ಹೋಗ್ರಿ," ಎಂದರು.

ಮರುದಿನವೇ ಮಕ್ಕಳೊಂದಿಗೆ ಕೊಲ್ಲಾಪುರಕ್ಕೆ ಹೊರಡುವವರಿದ್ದೆವು. ಅವರ ಆತಂಕದ ಮುಖ ನೋಡುತ್ತಲೇ ಪ್ರಯಾಣ ಮುಂದೂಡಿ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದ ಬೆಲ್ಟಿನ ತುಂಬ ಬಿರುಕುಗಳಿದ್ದವು, ಎರಡು ಹಲ್ಲು ಕಿತ್ತುಹೋಗಿದ್ದವು. ಹೆದ್ದಾರಿಯಲ್ಲಿ ತುಂಡಾಗಿದ್ದರೆ ಗಾಡಿ ನಡುರಸ್ತೆಯಲ್ಲೇ ನಿಂತು ಇಂಜಿನ್ನೂ ಹಾಳಾಗುತ್ತಿತ್ತು ಎಂದ. ಹಿಂದಿನ ಸೀಟಿನಲ್ಲಿ ಕೂರಬೇಕಿದ್ದ ಮಕ್ಕಳು ನೆನಪಾದರು.

ಹೊಸ ಬೆಲ್ಟ್ ಹಾಕಿಸಿ ಮುಂದಿನ ವಾರ ಕೊಲ್ಲಾಪುರಕ್ಕೆ ಹೋಗಿಬಂದೆವು. ಕಾರಿನ ಹಳೆಯ ಕಾಗದಗಳಲ್ಲಿದ್ದ ವಿಳಾಸ ಹುಡುಕಿ ಅವರಿಗೆ ಕೊಲ್ಲಾಪುರದ ಬೆಲ್ಲ ಕೊಟ್ಟೆ. ಈಗ ಪ್ರತಿ ಸರ್ವಿಸ್ ಆದ ಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗುತ್ತೇನೆ. ಅವರು ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ ತಲೆಯಾಡಿಸಿದರೆ ನನಗೆ ಸಮಾಧಾನ.