ರಾಣಿಗೆ ಸೊನ್ನೆ

ಇಸ್ಪೀಟಿನಲ್ಲಿ ಇಪ್ಪತ್ತೆಂಟು ಆಡುವವರಿಗೆ ಗೊತ್ತು, ಆ ಆಟದಲ್ಲಿ ಗುಲಾಮನೇ ದೊಡ್ಡವನು. ಗುಲಾಮನಿಗೆ ಮೂರು ಪಾಯಿಂಟು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೆ, ರಾಣಿಗೆ ಸೊನ್ನೆ. ಕಿರೀಟ ಹಾಕಿಕೊಂಡು ಸುಮ್ಮನೆ ಕೂತಿರಬೇಕು, ಅಷ್ಟೇ. ಇಪ್ಪತ್ತು ವರ್ಷ ಫ್ಯಾಕ್ಟರಿಯಲ್ಲಿ ಮ್ಯಾನೇಜರುಗಳನ್ನು ನೋಡಿದ ನನಗೆ ಈ ನಿಯಮ ಬಲು ಇಷ್ಟ.

ನನ್ನ ಮನೆ ಹೊಸೂರಿನ ಆಲಸನತ್ತಂ, ಹೆಂಡತಿಯ ತವರು ಉದ್ದನಪಲ್ಲಿ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಅಲ್ಲಿಗೆ ಹೋಗಲೇಬೇಕು. ಅವತ್ತು ಬಾಡೂಟ, ಜೊತೆಗೆ ಬೆಳಿಗ್ಗೆಯಿಂದಲೇ ಜಗಲಿಯ ಮೇಲೆ ಇಸ್ಪೀಟು. ಕಾಸು ಕಟ್ಟುವುದಿಲ್ಲ, ಸೋತವರು ಮುಂದಿನ ಯುಗಾದಿವರೆಗೂ ಗೇಲಿ ಮಾಡಿಸಿಕೊಳ್ಳಬೇಕು. ಮಾವ ಮತ್ತು ಅವರ ತಮ್ಮ ಒಂದು ಕಡೆ, ನಾನು ಮತ್ತು ಪಕ್ಕದ ಮನೆಯವರು ಇನ್ನೊಂದು ಕಡೆ. ಅತ್ತೆ ಒಲೆಯ ಮುಂದೆ.

ಹೋದ ಯುಗಾದಿಗೆ ಪಕ್ಕದ ಮನೆಯವರಿಗೆ ಶಿಫ್ಟ್ ಬಿತ್ತು. ಉಳಿದವರು ಮೂವರೇ. ಹೊತ್ತು ಹೋಗಲೆಂದು ನಾನು ಮೊಬೈಲಿನಲ್ಲಿ ಓದಿದ್ದ ಪಾಂಡಿತ್ಯ ಬಿಚ್ಚಿದೆ. ಆಟೀನು ರಾಜನಿಗೆ ಮಾತ್ರ ಮೀಸೆಯಿಲ್ಲ, ನೋಡಿ. ಅಚ್ಚಿನಿಂದ ಅಚ್ಚಿಗೆ ನಕಲು ಮಾಡುತ್ತಾ ಯಾರೋ ಬೋಳಿಸಿಬಿಟ್ಟರಂತೆ. ಅವನ ಕೈಯಲ್ಲಿದ್ದ ಕೊಡಲಿಯೂ ಹಾಗೆಯೇ ಕತ್ತಿಯಾಗಿ, ಈಗ ತಲೆಗೇ ಚುಚ್ಚಿಕೊಂಡವನಂತೆ ಕಾಣುತ್ತಾನೆ. ಈಜಿಪ್ಟಿನಿಂದ ಯುರೋಪಿಗೆ ಹೋದ ಎಲೆಗಳಲ್ಲಿ ರಾಜನ ಕೆಳಗೆ ಇದ್ದದ್ದು ಇಬ್ಬರು ಅಧಿಕಾರಿಗಳು. ನಮ್ಮ ಹಳೆಯ ಗಂಜೀಫದ ಎಲೆಗಳಲ್ಲೂ ರಾಜ, ಮಂತ್ರಿ. ರಾಣಿ ಎಲ್ಲಿಯೂ ಇರಲಿಲ್ಲ.

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆ ಕೇಳಿದರು: "ಹಂಗಾರೆ ರಾಣಿ ಯಾವಾಗ ಬಂದ್ಲು, ಅಳೀಮಯ್ಯ?"

"ಆಮೇಲೆ ಅತ್ತೆ. ಯುರೋಪಿನೋರು ಸೇರಿಸ್ಕೊಂಡ್ರು."

"ಹಂಗಾರೆ ನನ್ನೂ ಸೇರಿಸ್ಕಳಿ. ನಾಕನೇ ಕೈ ನಂದು."

ಮಾವ ನಕ್ಕರು. "ನಿಂಗೇನ್ ಬತ್ತದೆ? ಹೋಗು, ಸಾರು ಸೀದೋಗ್ತದೆ."

ಅತ್ತೆ ನಗಲಿಲ್ಲ. "ಮೂವತ್ತು ವರ್ಸ ನಿಮ್ ಬೆನ್ನಿಂದೆ ನಿಂತು ಕಾಫಿ ಕೊಟ್ಟಿದೀನಿ. ಎಲೆ ಕಾಣ್ಸಲ್ವಾ ನಂಗೆ? ಒಂದೇ ಆಟ. ಸೋತ್ರೆ ಇನ್ಯಾವತ್ತೂ ಕೇಳಕಿಲ್ಲ."

ಇಷ್ಟು ವರ್ಷ ಅವರು ಕೊಟ್ಟ ಕಾಫಿ ಕುಡಿದವರಲ್ಲಿ ನಾನೂ ಒಬ್ಬ, ಆಡುತ್ತೀರಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಳಿಯನ ಎದುರು ಕೂರದ ಅತ್ತೆ ಅವತ್ತು ಸೆರಗು ಬಿಗಿದು, ನನ್ನ ಜೊತೆಯಾಟಕ್ಕೆ ನನ್ನೆದುರೇ ಚಾಪೆಯ ತುದಿಯಲ್ಲಿ ಕೂತರು.

ನಾಲ್ಕು ನಾಲ್ಕು ಎಲೆ ಬಿದ್ದವು. ತಮ್ಮ ಕಡೆ ಇಷ್ಟು ಪಾಯಿಂಟು ಗೆದ್ದೇ ಗೆಲ್ಲುತ್ತದೆಂದು ಪಂಥ ಕಟ್ಟಿ ಚಿಕ್ಕಮಾವ ಹದಿನಾರು ಕೇಳಿದರು. ಅತ್ತೆ, "ಇಪ್ಪತ್ತು."

"ಇಪ್ಪತ್ತಾ? ಸಂತೇಲಿ ಬದನೆಕಾಯಿ ಕೇಳ್ತಾ ಇದೀಯಾ?" ಎಂದರು ಮಾವ. ಅತ್ತೆ ಉಳಿದ ಬಣ್ಣಗಳನ್ನೆಲ್ಲ ಹೊಡೆಯುವ ತುರುಫನ್ನು ಆರಿಸಿ, ಆ ಎಲೆಯನ್ನು ಮುಚ್ಚಿಟ್ಟರು. ಇನ್ನೂ ನಾಲ್ಕು ನಾಲ್ಕು ಎಲೆ ಬಿದ್ದ ಮೇಲೂ ನನ್ನ ಕೈಗೆ ಬಂದದ್ದೆಲ್ಲ ಬರೀ ಏಳು, ಎಂಟರಂಥ ಸೊನ್ನೆ ಎಲೆಗಳು. ನಾನು ಇದ್ದೂ ಇಲ್ಲದಂತೆ.

ಆಟೀನು ತುರುಫೆಂದು ಬಯಲಾಯಿತು. ಏಳು ಕೈ ಮುಗಿದಾಗ ನಮ್ಮದು ಹತ್ತೊಂಬತ್ತು. ಇನ್ನೊಂದು ಪಾಯಿಂಟು ಬಾರದಿದ್ದರೆ ಅತ್ತೆ ವಾಪಸ್ಸು ಒಲೆಯ ಮುಂದಕ್ಕೆ, ಜೀವಮಾನವೆಲ್ಲ. ಎಲ್ಲರ ಬಳಿ ಒಂದೊಂದೇ ಎಲೆ. ಅತ್ತೆ ತಮ್ಮದನ್ನು ನಿಧಾನವಾಗಿ ಚಾಪೆಯ ಮೇಲಿಟ್ಟರು. ಆಟೀನು ರಾಣಿ. ಬೇರೆ ಯಾರ ಬಳಿಯೂ ತುರುಫು ಉಳಿದಿರಲಿಲ್ಲ. ಅಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದ ಕಳಾವರ್ ಎಕ್ಕವನ್ನು ಮಾವ ಹಲ್ಲು ಕಚ್ಚಿ ಅದರ ಮೇಲೆ ಹಾಕಲೇಬೇಕಾಯಿತು. ಇಪ್ಪತ್ತು!

ನಾನು ಕೂಗಿಕೊಂಡೆ. ಮಾವ ನಂಬದೆ ನಮ್ಮ ಎಲೆಗಳನ್ನು ಹರಡಿ ಎಣಿಸಿದರು. ಎಣಿಸುತ್ತಾ ತಟ್ಟನೆ ನಿಂತರು.

"ತಡಿ, ಆಟೀನು ರಾಜನ್ನೂ ನೀನೇ ಹಾಕ್ದೆ ಅಲ್ವಾ? ರಾಜ ರಾಣಿ ಎರಡೂ ನಿನ್ನತ್ರನೇ ಇತ್ತು! ಜೋಡಿ ಅಂತ ತೋರ್ಸಿದ್ರೆ ನಾಕು ಪಾಯಿಂಟು ಬಿಡ್ತಿದ್ವಿ, ಹದಿನಾರಕ್ಕೇ ಗೆದ್ದೋಗ್ತಿದ್ದೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತು," ಎಂದರು ಅತ್ತೆ. "ತೋರ್ಸಿದ್ರೆ, ರಾಜ ಜೊತೇಲಿದ್ದ, ಅದ್ಕೇ ಗೆದ್ಲು ಅಂತಿದ್ರಿ. ಕಲಸ್ರಿ ಎಲೇನ."