ಇನ್ನೊಬ್ಬರ ಮಾತು

ಅವರ ಕನ್ನಡಕದ ಎಡಗಾಜಿನ ಕೆಳತುದಿಯಲ್ಲಿ ಸಾಸಿವೆಯಷ್ಟು ಚಿಕ್ಕದೊಂದು ಸುಟ್ಟ ಕಲೆಯಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಕಿಡಿ ಹಾರಿ ಆದದ್ದು. ನಿವೃತ್ತರಾಗಿ ಎಷ್ಟೋ ವರ್ಷಗಳಾದರೂ ಗಾಜು ಬದಲಿಸಿರಲಿಲ್ಲ. ಹೊಸ ಗಾಜಿನಲ್ಲಿ ಎಲ್ಲವೂ ತೀರಾ ಚೆನ್ನಾಗಿ ಕಾಣುತ್ತದೆ, ನಂಬಲಾಗುವುದಿಲ್ಲ ಎನ್ನುತ್ತಿದ್ದರು.

ಭದ್ರಾವತಿಯ ನ್ಯೂ ಟೌನಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಫೋರ್‌ಮನ್ ಆಗಿದ್ದವರು, ನನಗೆ ಅಂಕಲ್.

ನಾನು ಆಗ ಶಿವಮೊಗ್ಗದ ಒಂದು ಕಂಪನಿಯಲ್ಲಿ ಕಡತ ನೋಡಿಕೊಳ್ಳುತ್ತಿದ್ದೆ. ವಿದೇಶಿ ಗ್ರಾಹಕರ ವಿಭಾಗಕ್ಕೆ ಹೋಗಲು ಬಿಸಿನೆಸ್ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಬರವಣಿಗೆಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಮಾತಿನಲ್ಲಿ ಸೋತಿದ್ದೆ. ಅದರಲ್ಲಿ ಇಬ್ಬರು ಅಭ್ಯರ್ಥಿಗಳು ಸೇರಿ ಕಂಪನಿಯೊಂದರ ಸಮಸ್ಯೆಯನ್ನು ಚರ್ಚಿಸಿ ತೀರ್ಮಾನಕ್ಕೆ ಬರಬೇಕು. ಜೊತೆಗಾರರು ಯಾರೆಂದು ಮೊದಲೇ ತಿಳಿಯುವುದಿಲ್ಲ. ಇನ್ನೊಮ್ಮೆ ಸೋತರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು.

ಹಾಗಾಗಿ ಇಬ್ಬರ ಮಾತನ್ನೂ ನಾನೇ ಬರೆದುಕೊಂಡು, ಹಿತ್ತಲಲ್ಲಿ ಓಡಾಡುತ್ತ ಬಾಯಿಪಾಠ ಮಾಡುತ್ತಿದ್ದೆ. ಒಂದು ಭಾನುವಾರ ಕಾಂಪೌಂಡಿನ ಆಚೆಯಿಂದ ಅಂಕಲ್ ಕೇಳಿದರು:

"ಅದೆಲ್ಲಾ ಸರಿ, ಆ ಇನ್ನೊಬ್ರು ಯಾವಾಗ ಬರ್ತಾರೆ?"

ನಾಚಿಕೆಯಿಂದಲೇ ವಿಷಯ ಹೇಳಿದೆ. ಅವರು ಬಂದು ಒಗೆಯುವ ಕಲ್ಲಿನ ಮೇಲೆ ಕೂತರು. ಅವರದು ಕಾರ್ಖಾನೆಯ ಇಂಗ್ಲಿಷ್. ವ್ಯಾಕರಣ ಕಡಿಮೆ, ಧೈರ್ಯ ಹೆಚ್ಚು. ನೌಕರರಿಗೆ ತರಬೇತಿ ಎಲ್ಲಿ ಕೊಡಿಸಬೇಕು ಎಂಬ ವಿಷಯ ತೆಗೆದುಕೊಂಡೆವು. ನಾನು ಕಾರಣಗಳನ್ನು ಸಾಲಾಗಿ ಹೇಳಿ, ತೀರ್ಮಾನವನ್ನೂ ಹೇಳಿಬಿಟ್ಟೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಾ ನೀನೇ ಮುಗಿಸಿದ್ಮೇಲೆ ನಂಗೇನು ಕೆಲಸ ಮಾರಾಯ್ತಿ? ಮನೆಗೆ ಹೋಗ್ತೀನಿ."

ಹೋಗಲಿಲ್ಲ. ನಿಂತೇ ಶಿಫ್ಟ್ ಬದಲಾಗುವ ಹೊತ್ತಿನ ಕತೆ ಹೇಳಿದರು. ಮನೆಗೆ ಹೊರಟವನು ಕುಲುಮೆಯ ಸ್ಥಿತಿ ಹೇಳಬೇಕು. ಕೆಲಸಕ್ಕೆ ಬಂದವನು ಬರೀ ತಲೆಯಾಡಿಸಿದರೆ ಅಂಕಲ್ ಇಬ್ಬರನ್ನೂ ಬಿಡುತ್ತಿರಲಿಲ್ಲ. ಒಂದಾದರೂ ಪ್ರಶ್ನೆ ಕೇಳಬೇಕಿತ್ತು. ಒಮ್ಮೆ ಒಬ್ಬ, ತಪ್ಪಿಸಿಕೊಳ್ಳಲು, ಊಟ ಆಯಿತಾ ಎಂದು ಕೇಳಿದನಂತೆ. ಹೊರಟವನಿಗೆ ಊಟವಾಗಿರಲಿಲ್ಲ. ಯಾಕೆ ಎಂದರೆ, ಮಧ್ಯಾಹ್ನವೆಲ್ಲ ಕುಲುಮೆಯ ಕೆಟ್ಟ ವಾಲ್ವೊಂದರ ಜೊತೆ ಗುದ್ದಾಡಿದ್ದ. ಅದನ್ನೇ ಹೇಳಲು ಮರೆತಿದ್ದ.

"ಕೇಳ್ದೇ ಇದ್ರೆ ಎದುರಿಗಿರೋರ ಹತ್ರ ಏನಿದೆ ಅಂತ ಹೇಗೆ ಗೊತ್ತಾಗುತ್ತೆ?"

ಮುಂದಿನ ಭಾನುವಾರಗಳಲ್ಲಿ ಅವರು ಹಟದ ಜೊತೆಗಾರರಾದರು. ತರಬೇತಿ ಕಲ್ಯಾಣ ಮಂಟಪದಲ್ಲೇ ಆಗಬೇಕು ಎಂದರು. ನಗು ತಡೆದುಕೊಂಡು ಯಾಕೆ ಎಂದು ಕೇಳಿದೆ. ಹಸಿದವರು ಮಧ್ಯಾಹ್ನದ ಮೇಲೆ ಪಾಠ ಕೇಳುವುದಿಲ್ಲ, ಅಲ್ಲಿ ಊಟದ ವ್ಯವಸ್ಥೆ ಇರುತ್ತದೆ ಎಂದರು. ನನ್ನ ಪಟ್ಟಿಯಲ್ಲಿ ಊಟವೇ ಇರಲಿಲ್ಲ.

ಪರೀಕ್ಷೆಯಲ್ಲಿ ನನ್ನ ಜೊತೆಗಾರ್ತಿ ಒಂದೇ ವಾಕ್ಯದಲ್ಲಿ ತನ್ನ ಅಭಿಪ್ರಾಯ ಹೇಳಿ, ಮುಂದೆ ತಡವರಿಸಿ ನಿಂತಳು. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ವಾಕ್ಯಗಳು ಸಿದ್ಧವಾಗಿದ್ದವು. ಅವನ್ನು ಬಿಟ್ಟು, ನೀವು ಹಾಗೆ ಯೋಚಿಸಲು ಕಾರಣವೇನು ಎಂದು ಕೇಳಿದೆ. ಅವಳು ಉಸಿರೆಳೆದುಕೊಂಡು ಹೇಳತೊಡಗಿದಳು.

ಪಾಸಾದೆ, ಈಗಲೂ ಆ ವಿಭಾಗದಲ್ಲೇ ಇದ್ದೇನೆ. ಅಂಕಲ್ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಅವರನ್ನು ನೆನೆದಾಗ ನನಗೆ ಫಲಿತಾಂಶ ಬಂದ ದಿನ ನೆನಪಾಗುವುದಿಲ್ಲ, ಪರೀಕ್ಷೆಯ ಮರುದಿನ ನೆನಪಾಗುತ್ತದೆ. ಬೆಳಿಗ್ಗೆ ಅವರ ಮನೆಗೆ ಹೋದೆ. ಹೇಗಾಯಿತು ಎಂದು ಅವರು ಕೇಳಲಿಲ್ಲ.

"ಜೊತೇಲಿದ್ದೋರು ಏನಂದ್ರು?"

ನಾನು ಕೂತು, ಅವಳು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.